ಶಂಟ್ ಬೇರೆ, ಷಟಲ್ ಬೇರೆ

ಪ್ರಶ್ನೆ: ನನ್ನ ಮನೆ ಮೈಸೂರಿನಲ್ಲಿ, ನೌಕರಿ ಬೆಂಗಳೂರಿನಲ್ಲಿ. ಎರಡೂರಿನ ನಡುವೆ ‘ಶಂಟ್ ಮಾಡುತ್ತಿದ್ದೇನೆ’ ಎಂದು ಇಂಗ್ಲಿಷ್ ಪತ್ರದಲ್ಲಿ ಬರೆದದ್ದಕ್ಕೆ ಮೇಲಧಿಕಾರಿ ನಕ್ಕರು. ತಪ್ಪೇನು?

ಉತ್ತರ: ಇದಕ್ಕೆ ಉತ್ತರಿಸಿ ಉತ್ತರಿಸಿ ನನಗೆ ಸಾಕಾಗಿದೆ, ಪ್ರಶ್ನೆ ಮಾತ್ರ ನಿಲ್ಲದ ಕಾರಣ ಈ ಸಲ ಬಿಡಿಸಿಯೇ ಬರೆಯುತ್ತೇನೆ. ನೀವು ಬರೆಯಬೇಕಾಗಿದ್ದ ಕ್ರಿಯಾಪದ ಷಟಲ್. ಅದು ಮೂಲತಃ ಮಗ್ಗದ ಲಾಳಿಯ ಹೆಸರು. ಹಾಸಿನ ನೂಲುಗಳ ನಡುವೆ ಲಾಳಿ ಈ ಅಂಚಿನಿಂದ ಆ ಅಂಚಿಗೆ ಎಡೆಬಿಡದೆ ಹೋಗಿಬರುವಂತೆ ಎರಡು ಊರುಗಳ ನಡುವೆ ಓಡಾಡುವವರು ಷಟಲ್ ಮಾಡುತ್ತಾರೆ.

ಶಂಟ್‌ನ ಜೀವಾಳವೇ ಬೇರೆ. ‘ಪಕ್ಕಕ್ಕೆ ಸರಿ’ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಹುಕಾಲದಿಂದ ಇದ್ದ ಈ ಪದವನ್ನು 19ನೇ ಶತಮಾನದಲ್ಲಿ ಬ್ರಿಟನ್ನಿನ ರೈಲ್ವೆಯವರು ತಮ್ಮದಾಗಿಸಿಕೊಂಡರು. ರಾತ್ರಿ ಹೊತ್ತು ಯಾವುದಾದರೂ ಜಂಕ್ಷನ್ನಿನಲ್ಲಿ ನೋಡಿ: ಪಾಯಿಂಟ್ಸ್‌ಮನ್ ಎರಡು ಬೋಗಿಗಳ ನಡುವೆ ನುಸುಳಿ ಕೊಂಡಿ ಕಳಚುತ್ತಾನೆ, ಹೊರಬಂದು ದೀಪ ತೋರಿಸುತ್ತಾನೆ, ಎಂಜಿನ್ ಬೋಗಿಯನ್ನು ಮೆಲ್ಲಗೆ ಪಕ್ಕದ ಹಳಿಗೆ ತಳ್ಳಿ, ಅಲ್ಲೇ ಬಿಟ್ಟು ಹಿಂದಿರುಗುತ್ತದೆ. ಬೋಗಿ ತಾನಾಗಿ ಹೋದದ್ದಲ್ಲ. ಎಲ್ಲಿಗೆ ಹೋಗುವೆ ಎಂದು ಅದನ್ನು ಯಾರೂ ಕೇಳಿದ್ದೂ ಇಲ್ಲ. ಕಿಟಕಿಯಲ್ಲಿ ಕುಳಿತವರಿಗೆ ಎಂಜಿನ್ ಹಿಂದೆ ಮುಂದೆ ಚಲಿಸುವುದಷ್ಟೇ ಕಾಣುವುದರಿಂದ, ಶಂಟಿಂಗ್ ಎಂದರೆ ಓಡಾಟ ಎಂಬ ಭ್ರಮೆ ನಮ್ಮಲ್ಲಿ ಬೇರುಬಿಟ್ಟಿದೆ.

ಬೇಡವಾದ ಅಧಿಕಾರಿಯನ್ನು ಮೂಲೆಯ ಹುದ್ದೆಗೆ ದಬ್ಬಿದಾಗ ಇಂಗ್ಲಿಷ್ ಪತ್ರಿಕೆಗಳು ‘ಶಂಟೆಡ್ ಔಟ್’ ಎಂದು ಬರೆಯುವುದು ಆದ್ದರಿಂದಲೇ ಸರಿ. ನಮ್ಮ ‘ಎತ್ತಂಗಡಿ’ ಅದಕ್ಕೆ ತೀರ ಹತ್ತಿರದ ಮಾತು. ಬಡ್ತಿ ಪಡೆದು ಹೋದವರಿಗೆ ಅದು ಸಲ್ಲದು. ರೋಗಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದಾಗಲೂ ಇದೇ ಕ್ರಿಯಾಪದ ಒಪ್ಪುತ್ತದೆ, ಆದರೆ ರೋಗಿ ವಾಕ್ಯದಲ್ಲಿ ಕರ್ಮವಾಗಿರಬೇಕು. ಕಚೇರಿಯ ಕಾಗದದಲ್ಲಿ ಮಾತ್ರ ನಾನು ಟ್ರಾನ್ಸ್‌ಫರ್ ಎಂದೇ ಬರೆಯುತ್ತೇನೆ, ಏಕೆಂದರೆ ಶಂಟ್‌ಗೆ ಅವಮಾನದ ಸೋಂಕಿದೆ, ಮತ್ತು ಕಡತಗಳನ್ನು ಓದುವವರಲ್ಲಿ ಎತ್ತಂಗಡಿಯಾದವರೂ ಇರುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿಯೂ ಬೋಗಿಗಳನ್ನು ಶಂಟ್ ಮಾಡುತ್ತಾರೆಯೇ?

ಉತ್ತರ: ಕೆಲಸ ಅದೇ, ಅಲ್ಲಿಯ ಮಾತು ಸ್ವಿಚ್.

ಪ್ರಶ್ನೆ: ಮಿದುಳಿಗೆ ಹಾಕುವ ಶಂಟ್‌ಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ಮಿದುಳಿನಲ್ಲಿ ಹೆಚ್ಚಾದ ದ್ರವವನ್ನು ಆ ಕೊಳವೆ ಬೇರೆ ದಾರಿಗೆ, ಸಾಮಾನ್ಯವಾಗಿ ಹೊಟ್ಟೆಯೊಳಕ್ಕೆ, ಸಾಗಿಸುತ್ತದೆ.

ಪ್ರಶ್ನೆ: ಶಂಟ್ ಪದ ನಮ್ಮ ‘ಶುಂಠ’ದಿಂದ ಹುಟ್ಟಿತಂತೆ, ನಿಜವೇ?

ಉತ್ತರ: ಅಲ್ಲ. ಸದ್ದಿನ ಹೋಲಿಕೆ ಹಿಡಿದು ವ್ಯುತ್ಪತ್ತಿ ಹೊಸೆಯುವವರ ವಾಟ್ಸ್‌ಆ್ಯಪ್ ಸಂದೇಶಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ.