ಇದು ಹೊಟ್ಟೆಕಿಚ್ಚಾ, ಮೇಡಂ?

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 16,000. ಊಟಕ್ಕೆ, ಬಾಡಿಗೆಗೆ ಹೇಗೋ ಆಗುತ್ತದೆ. ಆದರೆ ಕೆಲವರು ಒಂದು ಮದುವೆಗೆ ತೆಗೆಯುವ ಜವಳಿಯ ಬಿಲ್ಲು ನನ್ನ ವರ್ಷದ ಸಂಬಳಕ್ಕಿಂತ ಜಾಸ್ತಿ. ಅಂಥ ಬಿಲ್ಲು ಬರೆದ ರಾತ್ರಿ ನಿದ್ದೆಯೇ ಬರುವುದಿಲ್ಲ. ಮುಯ್ಯಿಗೆ ದುಡ್ಡಿಲ್ಲ ಅಂತ ನೆಂಟರ ಮದುವೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಹೆಂಡತಿ ‘ನಿಮಗೆ ಹೊಟ್ಟೆಕಿಚ್ಚು’ ಅನ್ನುತ್ತಾಳೆ. ಹೌದಾ ಮೇಡಂ?
– ಓದುಗ, ನಿಟ್ಟುವಳ್ಳಿ

ಉತ್ತರ: ಅಲ್ಲ. ಬೇರೆಯವರದ್ದು ಹಾಳಾಗಲಿ ಅಂತ ನೀವು ಎಲ್ಲೂ ಬರೆದಿಲ್ಲ. ‘ನಾನು ಇವರ ಮುಂದೆ ಏನೂ ಅಲ್ಲ’ ಅನ್ನುವ ಸಂಕಟ ನಿಮ್ಮದು. ಅದು ನಿಮ್ಮ ಗುಣದ ದೋಷವಲ್ಲ.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅಲ್ಲಿ ಯಾರೂ ಉಪವಾಸ ಇದ್ದವರಲ್ಲ, ಎಲ್ಲರಿಗೂ ತಿಂಗಳ ಸಂಬಳ. ಆದರೂ ದರ್ಜೆ ಇಳಿದಂತೆ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚಾಗಿದ್ದರು. ನಮ್ಮಲ್ಲಿ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲೂ ಮಾನಸಿಕ ತೊಂದರೆ ಕಡಿಮೆ ಆದಾಯದ ಮನೆಗಳಲ್ಲೇ ಜಾಸ್ತಿ ಕಂಡಿತು. ಕೊರತೆ ಒಂದು ಕಡೆ, ಯಾವಾಗಲೂ ಯಾರೋ ನಮ್ಮನ್ನು ಅಳೆಯುತ್ತಿದ್ದಾರೆ ಅನ್ನುವ ಭಯ ಇನ್ನೊಂದು ಕಡೆ. ಆ ಭಯದಲ್ಲಿ ಮೈ ಸಡಿಲವಾಗುವುದೇ ಇಲ್ಲ. ಮೊದಲು ಕೆಡುವುದು ನಿದ್ದೆ.

ನನಗೆ ಜಾಸ್ತಿ ಚಿಂತೆ ಹತ್ತಿದ್ದು ಮುಯ್ಯಿಯ ವಿಷಯಕ್ಕೆ. ಹೆಸರು, ಮೊತ್ತ ಎರಡನ್ನೂ ಮೈಕಿನಲ್ಲಿ ಕೂಗುವ ಮದುವೆಗಳನ್ನು ನಾನೂ ನೋಡಿದ್ದೇನೆ. ಕೆಟ್ಟ ಪದ್ಧತಿ ಅದು, ನಿಲ್ಲಬೇಕು. ಆದರೆ ಅದಕ್ಕೆ ಹೆದರಿ ನೀವು ಮನೆಯಲ್ಲಿ ಕೂತರೆ ಮಾತಾಡಿಸುವವರೇ ಇಲ್ಲದಂತಾಗುತ್ತದೆ. ಮನಸ್ಸು ಇನ್ನಷ್ಟು ಕುಗ್ಗುವುದು ಆಗಲೇ. ಮುಂದಿನ ಮದುವೆಗೆ ಹೋಗಿ. 101 ರೂಪಾಯಿ ಬರೆಸಿ, ಇಲ್ಲವೇ ಹಿಂದಿನ ದಿನವೇ ಹೋಗಿ ಕೆಲಸಕ್ಕೆ ಕೈ ಹಾಕಿ. ಸಾಲ ಮಾತ್ರ ಮಾಡಬೇಡಿ.

ಎರಡು ವಾರ ದಾಟಿದರೂ ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನವಿಡೀ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಯಿಂದ ನಿದ್ದೆ ಬರಬಹುದು, ಸಂಬಳ ಏರುವುದಿಲ್ಲ. ಹಾಗಾಗಿ ಮಾಲೀಕರ ಹತ್ತಿರ ಸಂಬಳದ ಮಾತೂ ಎತ್ತಿ. ಒಬ್ಬರೇ ಬೇಡ, ಜೊತೆಗೆ ಕೆಲಸ ಮಾಡುವವರನ್ನೂ ಕರೆದುಕೊಂಡು ಹೋಗಿ. ಈ ಉತ್ತರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಅವರಿಗೂ ನಿಮ್ಮದೇ ಚಿಂತೆ ಇದ್ದೀತು, ಒಮ್ಮೆ ಕೇಳಿ ನೋಡಿ.