ಅಜ್ಜನ ಕಾಲದ ಹಲಸಿನ ಮಂಚ, ಬೆಂಚು ಇಟ್ಟುಕೊಂಡು ಹೊಸ ಮನೆಯ ಚಾವಡಿ ಹೇಗೆ ಮಾಡುವುದು?

ಕಾಸರಗೋಡಿನ ಬದಿಯಡ್ಕದ ಕಡೆ ಹೊಸ ಮನೆ, ಹಳೆ ಮರದ ಸಾಮಾನು ಅಂದಿರಿ. ಮೊದಲು ಸಾಮಾನು ಅಳೆಯಿರಿ, ಆಮೇಲೆ ಗೋಡೆಯ ಮಾತು. ಸಾಮಾನ್ಯವಾಗಿ ನಾವು ಉಲ್ಟಾ ಮಾಡುತ್ತೇವೆ. ಮಂಚವೇ ಮುಖ್ಯ ಅಂತಾದರೆ ಅದರ ಸುತ್ತ ನಡೆಯಲು ಸುಮಾರು 3 ಅಡಿ ಬಿಡಿ. ಉಳಿದದ್ದೆಲ್ಲ ಸಾದಾ ಇರಲಿ. ಕೆತ್ತನೆಯ ಮಂಚದ ಪಕ್ಕ ಕೆತ್ತನೆಯ ಟೀಪಾಯಿ ಇಟ್ಟರೆ ಕಣ್ಣು ಎಲ್ಲಿ ನಿಲ್ಲಬೇಕು?

ಹಲಸಿನ ಮರ ಕಡಿದಾಗ ಹಳದಿ, ವರ್ಷ ಕಳೆದಂತೆ ಕಂದು. ಅದಕ್ಕೆ ಸುಣ್ಣದ ಬಿಳಿ ಗೋಡೆ, ಕೆಂಪು ಕಾವಿ ನೆಲ ಚೆನ್ನಾಗಿ ಒಪ್ಪುತ್ತದೆ. ಹೊಳೆಯುವ ಬಿಳಿ ಟೈಲ್ಸ್ ನನಗಂತೂ ಆಸ್ಪತ್ರೆಯ ಹಾಗೆ ಕಾಣುತ್ತದೆ. ಬಲ್ಬು ಬೆಚ್ಚಗಿನ ಹಳದಿಯದ್ದು, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸಾಕು.

ಕಾಸರಗೋಡಿನ ಮಳೆಗಾಲ ಮಾತ್ರ ಮರೆಯಬೇಡಿ. ತೇವ ಹೀರಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೂ ನಾರಿನ ಉದ್ದಕ್ಕಲ್ಲ, ಅಡ್ಡಕ್ಕೆ. ಹಳೆ ಆಚಾರಿಗಳು ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಕೂರಿಸುತ್ತಿದ್ದದ್ದು ಇದಕ್ಕೇ. ಬಿರುಕು ಕಂಡಿತೆಂದು ಸುಮ್ನೆ ಮೊಳೆ ಹೊಡೆದು ಬಿಗಿ ಮಾಡಿದರೆ ಹಲಗೆಯೇ ಸೀಳುತ್ತದೆ. ನಮ್ಮನೆಯ ಬೆಂಚಿನ ಕಥೆ ಅದೇ, ಮೊಳೆ ಹೊಡೆದವನು ನಾನೇ!

ಗೋಡೆ ಬದಿಗೆ ಬರುವ ಸಾಮಾನನ್ನು ಗೋಡೆಯಿಂದ 2 ಇಂಚು ದೂರ ಇಡಿ, ಗಾಳಿ ಆಡಲಿ. ಎಸಿ ಗಾಳಿ ನೇರ ಬೀಳದಿರಲಿ. ಕಾಲಿನ ಕೆಳಗೆ ಕಲ್ಲಿನ ಚೂರೋ ರಬ್ಬರೋ ಇಟ್ಟರೆ ನೆಲದ ಪಸೆ ಏರುವುದಿಲ್ಲ. ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.