ಊರಿಂದ ಹೊತ್ಕೊಂಡು ಬಂದ ಕಂಪ್ಯೂಟರ್ ಬಯೋಸ್‌ನಾಗ ಬಂದ್ ಆಗ್ಲತ್ತದಂದ್ರ

ತಮ್ಮಾ, ನಿನ್ನ ಮೆಸೇಜ್ ಪೂರ್ತಿ ಓದ್ದೆ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಅಸೆಂಬಲ್ ಮಾಡ್ಸಿದ ಸಿಸ್ಟಮ್ ಬ್ಯಾಗಿನಾಗ ಹಾಕ್ಕೊಂಡು ಅಮೇರಿಕಾದ ಡಲ್ಲಾಸ್ ತನಾ ತಂದೀದಿ, ವಿಂಡೋಸ್ ಹೆಂಗೋ ಚಾಲೂ ಆಗ್ತದ, ಆದ್ರ ಕಾಲೇಜ್ ಕೆಲಸಕ್ಕ ವರ್ಚುವಲೈಜೇಷನ್, ಅಂದ್ರ ಒಂದೇ ಕಂಪ್ಯೂಟರಿನಾಗ ಇನ್ನೊಂದು ಓಡ್ಸೋ ಸೌಲತ್ತು, ಆನ್ ಮಾಡ್ಬೇಕಂತ ವಿಂಡೋಸಿಗಿಂತ ಮೊದ್ಲ ಏಳೋ ಸೆಟ್ಟಿಂಗಿನ ಸ್ಕ್ರೀನ್, ಅಂದ್ರ ಬಯೋಸ್‌ದಾಗ ಹೋದ್ರ ನಡುವೇ ಬಂದ್ ಆಗ್ತದ, ಒಮ್ಮೊಮ್ಮೆ ಸೇವ್ ಒತ್ತಿದ ಮ್ಯಾಲೆ ಬಂದ್ ಆಗ್ತದ. ರೂಮಿನ ಹುಡುಗರು ಅದನ್ನ ಒಗದು ಲ್ಯಾಪ್‌ಟಾಪ್ ತಗೋ ಅನ್ಲತ್ತಾರ. "ಅಣ್ಣಾ, ಇಲ್ಲಿ ಜೀವನ ಹಿಂಗೇ ಏನು, ಕೆಟ್ಟಿದ್ದೆಲ್ಲ ಒಗೀಬೇಕೇನು" ಅಂತ ಕೇಳಿದಿ.

ಒಗೀಬ್ಯಾಡ. ಸೆಟ್ಟಿಂಗ್ ಮ್ಯಾಲೂ ಈಗೇ ಸಂಶಯ ಪಡಬ್ಯಾಡ. ಊರಾಗ ಬರೋಬ್ಬರಿ ನಡೀತಿದ್ದ ಡಬ್ಬಿ ಇಲ್ಲಿ ಬಂದು ನಿಂತದಂದ್ರ ನಡುವ ಬದಲಾಗಿದ್ದು ಎರಡೇ, ಒಂದು ಕರೆಂಟು, ಇನ್ನೊಂದು ವಿಮಾನದಾಗ ಅದು ತಿಂದ ಪೆಟ್ಟು.

ಕರೆಂಟಿನ ಕತಿ ಮೊದ್ಲ ನೋಡು. ನಮ್ಮ ಕಡಿ 230 ವೋಲ್ಟ್ 50 ಹರ್ಟ್ಜ್, ಇಲ್ಲಿ 120 ವೋಲ್ಟ್ 60 ಹರ್ಟ್ಜ್. ಡಬ್ಬಿ ಹಿಂದ ವೈರ್ ಚುಚ್ಚೋ ಜಾಗದಾಗ, ಒಳಗಿನ ಭಾಗಕ್ಕೆಲ್ಲಾ ಕರೆಂಟ್ ಹಂಚೋ ಎಸ್‌ಎಂಪಿಎಸ್‌ಗೆ ಸಣ್ಣದೊಂದು ಕೆಂಪು ಸ್ವಿಚ್ ಅದ ಏನು ನೋಡು, 115 ಇಲ್ಲಾ 230 ಅಂತ ಬರ್ದಿರ್ತದ. ಅಗ್ಗದ ಎಸ್‌ಎಂಪಿಎಸ್‌ನಾಗ ಇದು ಇರ್ತದ, ಊರಾಗ 230ಕ್ಕೇ ಇಟ್ಟು ಕೊಟ್ಟಿರ್ತಾರ. ಹಂಗೇ ಇಲ್ಲಿ ಚುಚ್ಚಿದ್ರ ಅರ್ಧ ಹೊಟ್ಟಿ ಉಂಡು ಹೊಲಕ್ಕ ಹೋದಂಗ, ಒಂದಿಷ್ಟು ಚಾಲೂನೇ ಆಗಲ್ಲ, ಒಂದಿಷ್ಟು ಚಾಲೂ ಆಗಿ ಜರಾ ಲೋಡ್ ಬಿದ್ದ ಕೂಡ್ಲೇ ಕೈ ಎತ್ತಿ ಬಿಡ್ತಾವ. ವೈರ್ ಕಿತ್ತಿಟ್ಟು ಸ್ವಿಚ್ 115ಕ್ಕ ಸರಿಸು. ಒಂದು ಮಾತು ಮಾತ್ರ ಮರಿಬ್ಯಾಡ, ನಾಳೆ ಇದೇ ಡಬ್ಬಿ ಊರಿಗಿ ಒಯ್ದಿ ಅಂದ್ರ ಚುಚ್ಚೋದಕ್ಕಿಂತ ಮೊದ್ಲೇ 230ಕ್ಕ ತರಬೇಕು, 115ರ ಮ್ಯಾಲಿಟ್ಟು ಮನಿ ಕರೆಂಟ್ ಕೊಟ್ರ ಢಮ್ ಅಂತದ, ಎಸ್‌ಎಂಪಿಎಸ್ ಹೋದಂಗೇ. ಸ್ವಿಚ್ ಇಲ್ಲ, ಲೇಬಲ್ ಮ್ಯಾಲೆ 100 ಲಿಂದ 240 ಅಂತ ಅದ ಅಂದ್ರ ಇದರ ಚಿಂತಿ ಬಿಡು, ಎರಡೂ ಕಡಿ ನಡೀತದ. ಲೇಬಲ್ ಮ್ಯಾಲೆ ಬರೀ 200 ಲಿಂದ 240 ಅಂತ ಇದ್ರ ಮಾತ್ರ ಅದು ಇಲ್ಲಿಗಿ ಬರಲ್ಲ, ಅದೊಂದನ್ನೇ ಬದಲು ಮಾಡು, ಪೂರಾ ಕಂಪ್ಯೂಟರ್ ಯಾಕ ಒಗೀತಿ. ಮತ್ತ ದುಂಡ ಪಿನ್ನಿನ ವೈರಿಗೆ ಅಡಾಪ್ಟರ್ ಹಾಕಿ ಓಡಿಸ್ಲತ್ತಿದ್ರ ಅದೂ ಬಂದ್ ಮಾಡು, ಆ ಅಡಾಪ್ಟರ್‌ಗಳು ಲೂಸ್ ಇರ್ತಾವ, ಭಾಳ ಸಲ ಅರ್ಥಿಂಗೂ ಇರಲ್ಲ, ಡಬ್ಬಿಗಿ ಹತ್ತೋ ಕಡಿ ಎರಡೂ ದೇಶದಾಗ ಒಂದೇ ನಮೂನಿ ಅದ, ಇಲ್ಲಿಯ ಚಪ್ಪಟಿ ಪಿನ್ನಿನ ವೈರ್ ಒಂದು ತಗೊಂಡ್ರ ಮುಗೀತು.

ಸಾಕೆಟ್ ಬಗ್ಗೆ ಇನ್ನೊಂದು, ಇದು ಹೊಸದಾಗಿ ಬಂದೋರಿಗೆ ಯಾರೂ ಹೇಳಲ್ಲ. ಇಲ್ಲಿ ಭಾಳ ಅಪಾರ್ಟ್‌ಮೆಂಟ್‌ದಾಗ ರೂಮಿನ ಛತ್ತಿಗಿ ಲೈಟೇ ಇರಲ್ಲ, ಅದಕ್ಕ ಬಾಗಿಲ ಹಂತೇಲಿರೋ ಸ್ವಿಚ್ಚನ್ನ ಗ್ವಾಡಿಯ ಒಂದು ಸಾಕೆಟ್ಟಿಗಿ ಕೂಡ್ಸಿರ್ತಾರ, ಲ್ಯಾಂಪ್ ಹಚ್ಕೊಳ್ಳಿ ಅಂತ. ಎರಡು ಸಾಕೆಟ್ ಜೋಡಿದಾಗ ಮ್ಯಾಲಿಂದು ಯಾವಾಗ್ಲೂ ಚಾಲೂ, ಕೆಳಗಿಂದು ಸ್ವಿಚ್ಚಿನ ಮ್ಯಾಲೆ, ಹಿಂಗೂ ಇರ್ತದ. ರೂಮ್‌ಮೇಟ್ ಸ್ವಿಚ್ ಒತ್ತಿ ಹೊರಗ ಹೋದ, ನಿನ್ನ ಸಿಸ್ಟಮ್ ಬಂದ್. ಚಳಿಗಾಲದಾಗ 1500 ವಾಟಿನ ರೂಮ್ ಹೀಟರ್ ಒಂದೇ 12.5 ಆಂಪಿಯರ್ ಎಳೀತದ, ಲೈನಿನ ಬ್ರೇಕರ್ ಹೆಚ್ಚಾಗಿ 15 ಆಂಪಿಯರಿಂದೇ ಇರ್ತದ, ಅದರ ಜೋಡಿ ಕಂಪ್ಯೂಟರ್ ಹಚ್ಚಬ್ಯಾಡ.

ಈಗ ಪೆಟ್ಟಿನ ಕತಿ, ನಂಗ ನಿನ್ನ ಸಿಸ್ಟಮ್ ಬಗ್ಗೆ ಹೆಚ್ಚಿನ ಸಂಶಯ ಇಲ್ಲೇ ಅದ. ವಿಂಡೋಸ್‌ದಾಗ ನಡೀತದ ಬಯೋಸ್‌ನಾಗ ಯಾಕ ಬಂದ್ ಆಗ್ತದ ಅಂತ ನೀ ಕೇಳಿದ್ದು ಬರೋಬ್ಬರಿ ಪ್ರಶ್ನಿ. ವಿಂಡೋಸ್ ಸುಮ್ನ ಕುಂತಾಗ ಪ್ರೊಸೆಸರಿಗಿ ನಿದ್ದಿ ಮಾಡಸ್ತದ, ಕರೆಂಟ್ ಕಮ್ಮಿ ತಿಂತದ. ಬಯೋಸ್‌ನಾಗ ಆ ಪವರ್ ಸೇವಿಂಗ್ ಹೆಚ್ಚಾಗಿ ಕೆಲಸ ಮಾಡಲ್ಲ, ನೀ ಮೆನು ಓದಕೋತ ಕುಂತ್ರೂ ಪ್ರೊಸೆಸರ್ ಎಚ್ಚರೇ ಇರ್ತದ, ಕಾಯ್ತದ. ಅದನ್ನ ತಂಪು ಇಡೋ ಮ್ಯಾಲಿನ ಫ್ಯಾನ್, ಅಂದ್ರ ಕೂಲರ್, ಬರೋಬ್ಬರಿ ಕುಂತಿದ್ರ ಏನೂ ಆಗಲ್ಲ. ಆದ್ರ ಇಂಟೆಲ್ ಪ್ರೊಸೆಸರ್ ಜೋಡಿ ಬರೋ ಕೂಲರ್ ನಾಲ್ಕು ಪ್ಲಾಸ್ಟಿಕ್ ಪಿನ್ನಿನ ಮ್ಯಾಲೆ ನಿಂತಿರ್ತದ, ಬ್ಯಾಗ್ ಒಗದಾಗ ಒಂದು ಮೂಲಿ ಎದ್ರೂ ಸಾಕು. ಬಯೋಸ್‌ನಾಗ ಹಾರ್ಡ್‌ವೇರ್ ಮಾನಿಟರ್ ಅಂತ ಪೇಜ್ ಇರ್ತದ, ಅದನ್ನ ತೆಗದು ಟೆಂಪರೇಚರ್ ನೋಡ್ಕೋತ ಕೂಡು. 40, 50 ಡಿಗ್ರಿ ಸೆಲ್ಸಿಯಸ್‌ನಾಗ ನಿಂತ್ರ ಕೂಲರ್ ಚೊಲೋ ಅದ, ಸರಸರ ಏರಿ 90 ದಾಟಿ ಬಂದ್ ಆಯ್ತಂದ್ರ ಉತ್ತರ ಸಿಕ್ತು. ಕೂಲರ್ ತೆಗದು ನಡುವ ಬಿಸಿ ದಾಟಸೋ ಹಳಿ ಪೇಸ್ಟ್ ಒರಸಿ ಹೊಸಾದು ಹಚ್ಚಿ ನಾಲ್ಕೂ ಪಿನ್ ಟಕ್ ಅನ್ನೋ ತನಾ ಒತ್ತು. ಬಿಚ್ಚಿದ ಮ್ಯಾಲೆ ರ‍್ಯಾಮ್ ತೆಗದು ಹಾಕು, ಮದರ್‌ಬೋರ್ಡಿನ 24 ಪಿನ್ನಿಂದು ಮತ್ತ ಪ್ರೊಸೆಸರ್ ಹಂತೇಲಿ ಇರೋ 4 ಇಲ್ಲಾ 8 ಪಿನ್ನಿಂದು ಎರಡೂ ವೈರ್ ಒತ್ತಿ ನೋಡು. ಮುಟ್ಟೋ ಮೊದ್ಲ ವೈರ್ ಕಿತ್ತಿಟ್ಟು ಡಬ್ಬಿಯ ತಗಡು ಮುಟ್ಟು, ಹೀಟಿಂಗ್ ಚಾಲೂ ಇರೋ ಮನಿಯಾಗ ಹವಾ ಒಣಗಿ ಬಾಗಿಲ ಹಿಡಿ ಮುಟ್ಟಿದ್ರೂ ಚಟ್ ಅಂತದ, ಅದು ರ‍್ಯಾಮಿಗಿ ಚೊಲೋ ಅಲ್ಲ.

ಟೆಂಪರೇಚರ್ ಸರಿ ಅದ, ಆದ್ರೂ ಟಪ್ ಅಂತ ಬಂದ್ ಆಗ್ತದ ಅಂದ್ರ ಮುಂದಿನ ಪವರ್ ಬಟನ್ ನೋಡು. ಅದು ಒತ್ತಿದಂಗೇ ಸಿಕ್ಕಿಬಿದ್ರ ಸುಮಾರು 4 ಸೆಕೆಂಡಿಗಿ ಬೋರ್ಡ್ ತಾನೇ ಕರೆಂಟ್ ಕಡೀತದ. ಬೋರ್ಡಿಂದ ಬಟನ್ನಿನ ಎರಡು ಪಿನ್ನಿನ ವೈರ್ ಕಿತ್ತು, ಆ ಪಿನ್ನಿಗೆ ಸ್ಕ್ರೂಡ್ರೈವರ್ ಕ್ಷಣ ತಾಗಿಸಿ ಚಾಲೂ ಮಾಡಿ ನೋಡು, ಆಗ ನಡದ್ರ ತಪ್ಪು ಬಟನ್ನಿಂದು.

ಸೇವ್ ಮಾಡಿದ ಮ್ಯಾಲೆ ಬಂದ್ ಆಗೋದು ಬ್ಯಾರೆ ವಿಷಯ. ವರ್ಚುವಲೈಜೇಷನ್, ರ‍್ಯಾಮ್ ಸ್ಪೀಡ್ ಇಂಥಾವು ಬದಲು ಮಾಡಿದ್ರ ಭಾಳ ಬೋರ್ಡ್ ಸೇವ್ ಮಾಡೋ ಎಫ್ 10 ಒತ್ತಿದ ಮ್ಯಾಲೆ ಪೂರ್ತಿ ಬಂದ್ ಆಗಿ ಕೆಲವು ಸೆಕೆಂಡ್ ಬಿಟ್ಟು ತಾನೇ ಎದ್ದು ಬರ್ತಾವ, ಅದು ರೋಗ ಅಲ್ಲ. ನೀ ಗಾಬರಿಯಾಗಿ ಬಟನ್ ಒತ್ತಿ ಒತ್ತಿ ಅದನ್ನೇ ರೋಗ ಮಾಡಬ್ಯಾಡ. ಡಿಡಿಆರ್ 5 ರ‍್ಯಾಮ್ ಇದ್ರ ಸ್ಕ್ರೀನ್ ಕಪ್ಪಗಾಗಿ ಕೆಲವು ನಿಮಿಷ ತಗೋಬಹುದು, ಕೈ ಕಟ್ಕೊಂಡು ಕೂಡು. ಎದ್ದು ಬಂದ ಮ್ಯಾಲೆ ಸೆಟ್ಟಿಂಗ್ ಉಳ್ದಿಲ್ಲ, ತಾರೀಕೂ ಹಿಂದಕ್ಕ ಹೋಗ್ಯದ ಅಂದ್ರ ಸಿಮಾಸ್ ಬ್ಯಾಟರಿ, ಅಂದ್ರ ಬಯೋಸಿನ ಸೆಟ್ಟಿಂಗ್ ತಾರೀಕು ಕಾಯೋ ಬೋರ್ಡ್ ಮ್ಯಾಲಿನ ದುಂಡ ಸೆಲ್ಲು, ಸತ್ತದ. ಸಿಆರ್ 2032 ಅಂತ, ಇಲ್ಲಿ ಔಷಧ ಅಂಗಡ್ಯಾಗೂ ಸಿಗ್ತದ.

ಬ್ಯಾಟರಿ ತೆಗಿಯೋದಕ್ಕಿಂತ ಮೊದ್ಲ ಬಯೋಸಿನ ಎಲ್ಲಾ ಪೇಜಿಂದು ಮೊಬೈಲ್‌ನಾಗ ಫೋಟೋ ತಗೋ, ಬ್ಯಾಟರಿ ತೆಗದ್ರ ಸೆಟ್ಟಿಂಗ್ ಅಳಿಸಿ ಹೋಗ್ತಾವ, ಡಿಸ್ಕ್ ಓದೋ ನಮೂನಿ (ಸಾಟಾ ಮೋಡ್), ಚಾಲೂ ಆಗೋ ನಮೂನಿ (ಬೂಟ್ ಮೋಡ್) ಬದಲಾದ್ರ ವಿಂಡೋಸ್ ಏಳಲ್ಲ. ಡಿಸ್ಕಿಗಿ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದಿ ಅಂದ್ರ 48 ಅಂಕಿಯ ರಿಕವರಿ ಕೀ ಬರ್ಕೊಂಡು ಇಟ್ಕೋ, ಇಲ್ಲಂದ್ರ ನಿನ್ನ ಫೋಟೋ ಅಸೈನ್‌ಮೆಂಟ್ ಎಲ್ಲಾ ಬೀಗದ ಒಳಗ. ರೂಮಿನಾಗ ಯಾರೋ ಬಯೋಸ್ ಅಪ್‌ಡೇಟ್ ಮಾಡು ಅಂದಾರಂತಲ್ಲ, ಖರೆ ಹೇಳ್ತೀನಿ, ತಾನೇ ಬಂದ್ ಆಗ್ಲತ್ತಿರೋ ಸಿಸ್ಟಮಿಗಿ ಅಪ್‌ಡೇಟ್ ಹಚ್ಚೋದಂದ್ರ ಬೋರ್ಡ್ ಕೈಯಾರೆ ಕೊಂದಂಗ, ನಡುವ ನಿಂತ್ರ ಭಾಳ ಬೋರ್ಡ್ ಮತ್ತ ಏಳಲ್ಲ.

ಇನ್ನ ಜೀವನದ ಪ್ರಶ್ನಿ. ಊರಾಗ ಡಬ್ಬಿ ಗಾಡಿ ಮ್ಯಾಲಿಟ್ಕೊಂಡು ಅಂಗಡಿಗಿ ಒಯ್ದ್ರ ಹುಡುಗ ಬ್ಲೋವರ್ ಹೊಡದು, ರ‍್ಯಾಮ್ ರಬ್ಬರಿಲೆ ತಿಕ್ಕಿ, ಚಾ ಕುಡಿಯೋದ್ರಾಗ ಚಾಲೂ ಮಾಡಿ ಕೊಡ್ತಾನ. ಇಲ್ಲಿ ಸಾಮಾನು ಸಸ್ತಾ, ಮನಷ್ಯಾನ ಕೈ ತುಟ್ಟಿ, ಬಿಚ್ಚಿ ನೋಡ್ಲಿಕ್ಕೇ ರೊಕ್ಕ ಕೇಳ್ತಾರ, ಅದಕ್ಕೇ ಮಂದಿ ಒಗೀತಾರ. ನಿನಗ ಬಿಚ್ಚಲಿಕ್ಕ ಬರ್ತದ, ಮತ್ತ ನೀ ಯಾಕ ಅವರಂಗ ಮಾಡ್ತಿ.

ಆದ್ರ ನೀ ಕಡೀಕ ಕೇಳಿದಿ ನೋಡು, ಉಳಿದ ಹುಡುಗರ ಸಿಸ್ಟಮ್ ರಿಪೇರಿ ಮಾಡಿ ನಾಕು ಡಾಲರ್ ಗಳಿಸ್ಲೇನಂತ, ಅದು ಮಾತ್ರ ಬ್ಯಾಡ. ನಿಂದು ಓದೋರಿಗೆ ಕೊಡೋ ಎಫ್ 1 ವೀಸಾ, ಪರ್ಮಿಷನ್ ಇಲ್ದೇ ಕ್ಯಾಂಪಸ್ ಹೊರಗ ರೊಕ್ಕಕ್ಕ ಕೆಲಸ ಮಾಡೋಹಂಗಿಲ್ಲ, ಸಿಕ್ರ ವೀಸಾಕ್ಕೇ ಕುತ್ತು. ಕ್ಯಾಂಪಸ್ ಒಳಗ ಕ್ಲಾಸ್ ನಡಿಯೋ ಟೈಮಿನಾಗ ವಾರಕ್ಕ 20 ತಾಸು ಮಾಡಬಹುದು, ಕಾಲೇಜಿನ ಐಟಿ ಹೆಲ್ಪ್ ಡೆಸ್ಕಿನಾಗ ಸ್ಟೂಡೆಂಟ್‌ಗಳನ್ನ ತಗೋತಾರ, ಹೋಗಿ ಕೇಳು, ಅದೇ ಕೆಲಸ ಕಾನೂನಿನ ಪ್ರಕಾರ ಆಗ್ತದ. ಗೆಳೆಯಾರಿಗಿ ಪುಕ್ಕಟ ಮಾಡಿಕೊಡು, ಬೇಕಂದ್ರ ರೊಟ್ಟಿ ಊಟಕ್ಕ ಕರೀಲಿ.

ಮೊದ್ಲ ಎಸ್‌ಎಂಪಿಎಸ್ ಲೇಬಲಿಂದು ಒಂದು, ಕೂಲರಿಂದು ಒಂದು ಫೋಟೋ ಕಳ್ಸು. ಕೂಲರ್ ಬಿಚ್ಚೋದಿದ್ರ ಶನಿವಾರ ಫೋನ್ ಮಾಡು, ನಾ ಮನಿಯಾಗೇ ಇರ್ತೀನಿ.